ಎರಡು ಬೆರಳಿನ ಕಣ್ಣು

ಜೂನ್ 12, 2017, ಸೋಮವಾರ

ಈ ಡೈರಿ ಕಾಲೇಜಿನದ್ದು. ಕ್ಷಮಾ ಮೇಡಂ ಕೊಟ್ಟು ಹೋದರು. ಪಾಠ ಮಾಡುವವರು ಆಗಾಗ ಬರೆದಿಡಬೇಕಂತೆ, ಏನು ಸರಿಯಾಯಿತು, ಏನು ಹಾಳಾಯಿತು ಎಂದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಡೈರಿ! ಬೇಡ ಎಂದೆ. "ಯಾರೂ ಓದುದಿಲ್ಲೆ ಮುತ್ತಣ್ಣ, ನಿಮ್ಗೇ ಇದ್" ಎಂದರು. ಯಾರೂ ಓದುವುದಿಲ್ಲ ಎಂದ ಮೇಲೆ ಬಯ್ಯಲು ಅಡ್ಡಿಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೇಡಂ ಸಾಲಿಗ್ರಾಮದವರು. ಕುಂದಾಪುರದ ಒಂದು ಕಾಲೇಜಿನಲ್ಲಿ ಪಾಠ. ಕೆಲಸ ಖಾಯಂ ಅಲ್ಲ, ವರ್ಷ ವರ್ಷ ಕಾಗದ ಹೊಸದಾಗಬೇಕು. ಈ ಸಲ ಅವರ ತಲೆಯಲ್ಲಿ ಹುಟ್ಟಿದ್ದು ಕೈಯಲ್ಲಿ ಬಲೆ ಕಟ್ಟುವ ಕೋರ್ಸು, ಅದೂ ಫೋನಿನಲ್ಲಿ. ಮೂರು ತಿಂಗಳು. ಮೂವತ್ತೆರಡು ಜನ ಸೇರಿದ್ದಾರೆ. ಅವರು ಬೈಂದೂರು, ಕೊಲ್ಲೂರು, ಬ್ರಹ್ಮಾವರದಲ್ಲಿ ಅವರವರ ಮನೆಯಲ್ಲಿ. ನಾನು ಕೋಡಿ ಕನ್ಯಾಣದಲ್ಲಿ ನನ್ನ ಜಗಲಿಯಲ್ಲಿ.

"ಕೈ ಹಿಡ್ದ್ ತೋರ್ಸುಕೆ ಆತ್ತಾ?" ಎಂದು ಕೇಳಿದೆ.

"ಇಲ್ಲೆ."

"ತಪ್ಪಿದ್ರೆ ಬೆರಳಿಗೆ ಹೊಡುಕೆ ಆತ್ತಾ?"

"ಇಲ್ಲೆ ಮಾರಾಯ್ರೆ!"

"ಹಂಗಾರೆ ಕಲ್ಸುಕೆ ಆಪ್ದಿಲ್ಲೆ."

ಅಪ್ಪ ನನಗೆ ಕಲಿಸಿದ್ದು ಬಲೆ ಸೂಜಿಯ ಬೆನ್ನಿನಿಂದ ಬೆರಳಿಗೆ ಹೊಡೆದು. ಬಲಗೈ ನಡುಬೆರಳಿನಲ್ಲಿ ಗುರುತು ಈಗಲೂ ಇದೆ. ಆ ಗುರುತು ಇರುವುದಕ್ಕೇ ಗಂಟು ಜಾರುವುದಿಲ್ಲ.

ಒಳಗಿಂದ ಹೆಂಡತಿ ವನಜ ಹೇಳಿದಳು, "ಒಪ್ಕಣಿ. ದಿನಾ ನಂಗ್ ಬಯ್ಯುದ್ ಬಿಟ್ಟ್ ಅವ್ರಿಗ್ ಬಯ್ಯಿ." ಮೇಡಂ ನಕ್ಕರು. ನಗುವ ಮಾತೇನಲ್ಲ. ಆದರೂ ಒಪ್ಪಿದೆ. ಮಳೆಗಾಲ, ದೋಣಿ ದಡದಲ್ಲಿ, ಬೇರೆ ಕೆಲಸವೂ ಇಲ್ಲ.

ಸೇರಿದವರ ಪಟ್ಟಿ ಕೊಟ್ಟಿದ್ದಾರೆ, ನನಗೆ ಓದಲು ಬಾರದ ಇಂಗ್ಲಿಷಿನಲ್ಲಿ. ಡೈರಿಯ ಹಿಂದೆ ಮಡಚಿ ಇಟ್ಟೆ.

ಜೂನ್ 17, ಶನಿವಾರ

ಇವತ್ತು ವಿಡಿಯೊ ತೆಗೆದದ್ದು. ಅದಕ್ಕೂ ಮೊದಲು ಮೇಡಂ ಒಂದು ಹಾಳೆ ಬಿಚ್ಚಿದರು. ವಾರಕ್ಕೊಂದು ಚೌಕ, ಆ ವಾರ ಏನು ಕಲಿತಿರಬೇಕು ಎಂದು ಬರೆಯಲು.

"ಸುರುವಿನ ವಾರ ಮುಗಿಯುವತಿಗೆ ಅವ್ರಿಗೆ ಎಂತ ಬರ್ಕ್, ಮುತ್ತಣ್ಣ?"

"ಬಲೆ ಬರ್ಕ್."

"ಬಲೆ ಕಡೀಗ್. ಸುರುವಿಗೆ?"

"ಕೂಕಂಬುಕೆ ಬರ್ಕ್. ಅಂಡ್ ಊರಿ ಎರಡ್ ತಾಸ್ ಕೂಕಂಬುಕೆ."

ಅವರು ಅದನ್ನೂ ಬರೆದುಕೊಂಡರು! ಆಮೇಲೆ ಸೂಜಿಗೆ ನೂಲು ತುಂಬುವುದು ಒಂದು ವಾರ, ಗಂಟು ಎರಡು ವಾರ, ಹೀಗೆ. ಒಂದು ವಿಡಿಯೊ ಹತ್ತು ನಿಮಿಷ ಮೀರಬಾರದಂತೆ. ಹತ್ತು ನಿಮಿಷದಲ್ಲಿ ನಾನು ವೀಳ್ಯದ ಕವಳವೂ ಹಾಕಿ ಮುಗಿಸುವುದಿಲ್ಲ.

ಎದುರಿಗೆ ಕುರ್ಚಿ, ಕುರ್ಚಿಯ ಮೇಲೆ ಅಕ್ಕಿ ಡಬ್ಬ, ಡಬ್ಬದ ಮೇಲೆ ಫೋನು. ಏಳು ಸಲ ಮೊದಲಿಂದ ಮಾಡಿಸಿದರು. ಒಂದು ಸಲ ಕಾಗೆ ಕೂಗಿತು. ಒಂದು ಸಲ ನಾನೇ ಯಾವುದೋ ಕೆಟ್ಟ ಮಾತು ಆಡಿದೆನಂತೆ. ಐದನೇ ಸಲ ಸೂಜಿ ಬಿಸಾಡಿದೆ. ವನಜ ಹೆಕ್ಕಿ ತಂದಳು. ನನ್ನ ಬೆನ್ನ ಹಿಂದೆ ನಿಂತು, "ಹಿಂದಿಂದ ಕಂಡ್ರೆ ಎಲ್ಲಾ ಸಮಾ ಕಾಣತ್" ಎಂದಳು. "ನೀ ಒಳ್ಗ್ ಹೋಗ್" ಎಂದೆ.

"ಕಣ್ಣು ಎಷ್ಟ್ ದೊಡ್ಡ್ ಇರ್ಕ್?" ಎಂದು ಮೇಡಂ ಕೇಳಿದರು. ಬಲೆಯ ಕಣ್ಣು. "ಎರಡ್ ಬೆರಳ್. ಮತ್ತೆಂತ?" ಎಂದೆ. ಅದನ್ನೂ ಬರೆದುಕೊಂಡರು.

ಪಟ್ಟಿಯಲ್ಲಿ ಅರ್ಧ ಹುಡುಗಿಯರಂತೆ. ನಮ್ಮ ಮನೆಯಲ್ಲಿ ಹೆಂಗಸರು ಮೀನು ಮಾರುತ್ತಾರೆ, ಬಲೆ ಮುಟ್ಟುವುದಿಲ್ಲ. ಒಂದು ಬಲೆಗೆ ಒಂದೇ ಕೈ. ಶುರು ಮಾಡಿದವನೇ ಮುಗಿಸಬೇಕು, ಹರಿದರೆ ಅವನೇ ಕಟ್ಟಬೇಕು. ಅಪ್ಪನ ಕಾಲದಿಂದ ಹಾಗೆ. ಮದುವೆಯಾದ ವರ್ಷ ವನಜ ನನ್ನ ಬಲೆಯ ಹರಿದ ಜಾಗ ಕಟ್ಟಿಟ್ಟಿದ್ದಳು. ದಡದಲ್ಲಿ ಎಲ್ಲರೆದುರು ಚೂರಿ ಹಾಕಿ ಕೊಯ್ದು, ಅಲ್ಲೇ ಕುಳಿತು ಹೊಸತಾಗಿ ಕಟ್ಟಿದೆ. ಆಮೇಲೆ ಅವಳು ಮುಟ್ಟಲಿಲ್ಲ.

ಜೂನ್ 24, ಶನಿವಾರ

ಶನಿವಾರ ಶನಿವಾರ ಎಲ್ಲರೂ ಒಟ್ಟಿಗೆ ಫೋನಿನಲ್ಲಿ ಸೇರುವುದು. ಇವತ್ತು ಮೊದಲನೆಯದ್ದು. ಮುಖ ಒಂದೂ ಇಲ್ಲ! ಕಪ್ಪು ಕಪ್ಪು ಚೌಕ, ಒಳಗೆ ಇಂಗ್ಲಿಷ್ ಅಕ್ಷರ. ಯಾರ ಮುಖ ನೋಡಿ ಬಯ್ಯುವುದು? ನಾನು ಅರ್ಧ ಗಂಟೆ ಮಾತಾಡಿದೆ. ಕೇಳಿಸಿತಾ ಎಂದರೆ ಉತ್ತರವಿಲ್ಲ. ಒಬ್ಬ ಮಾತ್ರ, ಕೊಲ್ಲೂರಿನ ಲಾಡ್ಜಿನಲ್ಲಿ ಕೆಲಸ ಮಾಡುವ ರತನ್, ಹಿಂದಿನಿಂದ ಜೀಪಿನ ಹಾರ್ನು, "ಅಜ್ಜ, ನಿಮ್ ಹೆಬ್ಬೆರಳ್ ಕಾಣ್ತಿಲ್ಲೆ" ಎಂದ.

"ಹೆಬ್ಬೆರಳ್ ಕಾಣುಕೆ ಬಂದದ್ದಾ ನೀನ್? ಗಂಟ್ ಕಾಣ್!" ಎಂದೆ.



ಜುಲೈ 2, ಭಾನುವಾರ

ಗಂಟಿನ ಫೋಟೊ ಕಳಿಸಿದ್ದಾರೆ. ಕೋಳಿ ಕೆದಕಿದ ಹಾಗಿದೆ. ಎಳೆದರೆ ಜಾರುವ ಗಂಟು, ಅದು ಫೋಟೊದಲ್ಲೇ ಗೊತ್ತಾಗುತ್ತದೆ. ಫೋನಿನ ಗುಂಡಿ ಒತ್ತಿ ಹಿಡಿದು ಎಲ್ಲರಿಗೂ ಸೇರಿ ನಾಲ್ಕು ನಿಮಿಷ ಬೈದು ಕಳಿಸಿದೆ. ಮೇಡಂ ಹೇಳಿದ ಹತ್ತು ನಿಮಿಷ ಮೀರಲಿಲ್ಲ.

ಜುಲೈ 4, ಮಂಗಳವಾರ

ಏಳು ಜನ ಬಿಟ್ಟು ಹೋದರಂತೆ. ಮೇಡಂ ಮಳೆಯಲ್ಲಿ ನೆನೆದುಕೊಂಡೇ ಬಂದರು.

"ಹೋಪೋರ್ ಹೋಪ್ಲಿ" ಎಂದೆ.

"ಹಂಗಲ್ಲ ಮುತ್ತಣ್ಣ." ಕೊಡೆ ಮಡಚುತ್ತಾ ಹೇಳಿದರು. ಪ್ರಿನ್ಸಿಪಾಲರು, ಗುರುಪ್ರಸಾದ್ ಎಂದು, ಅವರಿಗೆ ಈ ಕೋರ್ಸಿನ ಮೇಲೆ ಮೊದಲೇ ನಂಬಿಕೆಯಿಲ್ಲ. ಒಬ್ಬೊಬ್ಬರೂ ಒಂದೊಂದು ತುಂಡು ಕಟ್ಟಬೇಕು. ತುಂಡೆಲ್ಲ ಸೇರಿಸಿ ಒಂದು ಬಲೆ ಮಾಡಿ ಸೆಪ್ಟೆಂಬರ್ ಹತ್ತಕ್ಕೆ ಬಾರ್ಕೂರಿನಲ್ಲಿ ಹೊಳೆಗೆ ಇಳಿಸಬೇಕು. ಕಮ್ಮಿಯೆಂದರೆ ಇಪ್ಪತ್ತು ಜನರ ತುಂಡು. ಹತ್ತೊಂಬತ್ತಾದರೂ ಕೋರ್ಸು ಮುಚ್ಚುವುದು. "ನನ್ ಕಾಗ್ದವೂ ಅಷ್ಟಕ್ಕೇ" ಎಂದರು.

ಮುಚ್ಚಲಿ. ನನಗೇನು.

ಜುಲೈ 9, ಭಾನುವಾರ

ಬೈಂದೂರಿನ ಹತ್ತಿರ ಉಪ್ಪುಂದದ ನವ್ಯಶ್ರೀ ಎಂಬ ಹುಡುಗಿ ಫೋನು ಮಾಡಿದಳು. ಮುಖ ತೋರಿಸಿಯೇ ಮಾತಾಡಿದಳು.

"ಅಜ್ಜ, ಬಯ್ಯಿ, ಅಡ್ಡಿಲ್ಲೆ. ಎಲ್ಲ್ ತಪ್ಪಿದ್ದ್ ಅಂದ್ ಹೇಳಿ ಬಯ್ಯಿ. ಸುಮ್ನೆ ಬೈದ್ರೆ ನಂಗ್ ಎಂತ ಗೊತ್ತಾತ್ತ್?"

ಬಾಯಿ ದೊಡ್ಡದು. "ಕಟ್ಟ್ ಕಾಂಬ" ಎಂದೆ. ಕಟ್ಟಿದಳು. ನಾನು ನೋಡಿದೆ. ನೂಲು ಹೋಗುವುದು ಎಡಕ್ಕೆ, ಹೆಬ್ಬೆರಳು ಒತ್ತುವುದು ಇನ್ನೊಂದು ಬದಿ. ಮತ್ತೊಂದು ಕಟ್ಟಿಸಿದೆ. ಅದೂ ಹಾಗೇ. ಹನ್ನೆರಡು ಗಂಟು ಕಟ್ಟಿಸಿದ ಮೇಲೆ ನನಗೆ ಹೊಳೆಯಿತು. ವಿಡಿಯೊದಲ್ಲಿ ನಾನು ಎದುರು ಕುಳಿತಿದ್ದೇನೆ. ನನ್ನ ಬಲ ಅವಳಿಗೆ ಎಡ. ಕೈ ತಿರುಗಿಸಿಕೊಂಡವಳಿಗೆ ಹೆಬ್ಬೆರಳು ತಿರುಗಿಸಲು ಗೊತ್ತಾಗಿಲ್ಲ, ಏಕೆಂದರೆ ಅದು ಕಾಣುವುದೇ ಇಲ್ಲ. ಅಪ್ಪ ನನ್ನನ್ನು ಕೂರಿಸಿಕೊಂಡದ್ದು ಪಕ್ಕದಲ್ಲಿ. ಎದುರಿನಲ್ಲಿ ಯಾರೂ ಬಲೆ ಕಲಿಯುವುದಿಲ್ಲ. ಇದು ಫೋನಿನವರಿಗೆ ಗೊತ್ತಿರಬೇಕಿತ್ತು.

ಕೊಲ್ಲೂರಿನ ಹುಡುಗ ಹೆಬ್ಬೆರಳು ಎಂದದ್ದು ಇದಕ್ಕೇ ಇರಬೇಕು.

ಜುಲೈ 15, ಶನಿವಾರ

ಮತ್ತೆ ವಿಡಿಯೊ. ಫೋನು ನನ್ನ ಬಲ ಹೆಗಲಿನ ಹಿಂದೆ. ಮೇಡಂ ಸ್ಟೂಲಿನ ಮೇಲೆ ನಿಂತು ಹಿಡಿದರು, ಕೈ ನೋವಾದಾಗ ವನಜ ಹಿಡಿದಳು. ಒಂದು ವಿಡಿಯೊಗೆ ಒಂದೇ ಗಂಟು. ಮೂರು ನಿಮಿಷ ಸಾಕಾಯಿತು. ಎರಡು ವಿಷಯ ಒಟ್ಟಿಗೆ ಹೇಳಿದರೆ ಎರಡೂ ಹೋಗುತ್ತದೆ, ಅದು ನಾನೇ ಕಂಡುಹಿಡಿದದ್ದು. ಮೇಡಂ ಮೊದಲೇ ಹೇಳಿದ್ದೆ ಎನ್ನುತ್ತಾರೆ.

ವನಜಳ ಬೆರಳಿಗೆ ಬಟ್ಟೆ ಸುತ್ತಿದೆ. ಮೀನು ಕೊಯ್ಯುವಾಗ ತಾಗಿತಂತೆ. ಇಷ್ಟು ವರ್ಷ ತಾಗದ್ದು ಈಗ. ಮಧ್ಯಾಹ್ನ ಆದರೆ ಪಕ್ಕದ ಸುಗುಣಳ ಮನೆಗೆ ಹೋಗಿ ಕೂರುತ್ತಾಳೆ, ಅವಳ ಫೋನಿನಲ್ಲಿ ಏನೋ ನೋಡಲು. ಧಾರಾವಾಹಿ ಇರಬೇಕು. ಸಾರಿಗೆ ಉಪ್ಪು ಹಾಕುವುದೂ ನೆನಪಿಲ್ಲ.

ಜುಲೈ 29, ಶನಿವಾರ

ಇಪ್ಪತ್ತೆರಡು ಫೋಟೊ. ಹದಿನೆಂಟು ಗಂಟು ಸರಿ. ರತನ್‌ನದ್ದು ಒಳ್ಳೆಯ ಬಿಗಿ. ಹೇಳಲಿಲ್ಲ, ತಲೆಗೇರುತ್ತದೆ.

ಸಂಜೆ ಹೇಳಿದೆ.

ಆಗಸ್ಟ್ 8, ಮಂಗಳವಾರ

ಬ್ರಹ್ಮಾವರದ ಯತೀಶ್ ಐದು ದಿನದಿಂದ ಫೋಟೊ ಕಳಿಸಿಲ್ಲ. ಬಿಟ್ಟು ಹೋದನೋ ಏನೋ. ಮೇಡಂ ಕಾದು ನೋಡುವ ಎಂದರು. ಕಾಯುವುದೆಂತದ್ದು? ನಾನೇ ಫೋನು ಮಾಡಿದೆ. ಜ್ವರವಂತೆ. ಜ್ವರವಾದರೆ ಜ್ವರ ಎಂದು ಹೇಳಬೇಕು ಎಂದು ಬೈದೆ. ಗಂಜಿ ಕುಡಿ, ಸೂಜಿ ಮುಟ್ಟಬೇಡ ಎಂದೆ. ವನಜ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಏನು ಎಂದರೆ ಏನಿಲ್ಲ ಎಂದಳು.

ಆಗಸ್ಟ್ 19, ಶನಿವಾರ

ತುಂಡುಗಳು ಬಂದವು. ಬಸ್ಸಿನವರ ಕೈಯಲ್ಲಿ ಕಳಿಸಿದ್ದು. ಬೆಳಗ್ಗಿನಿಂದ ಮೂರು ಸಲ ಸಾಸ್ತಾನಕ್ಕೆ ಹೋಗಿ ಹೊತ್ತು ತಂದೆ. ಜಗಲಿಯಲ್ಲಿ ರಾಶಿ. ಹತ್ತೊಂಬತ್ತಕ್ಕೆ ಹೆಸರಿನ ಚೀಟಿ ಇದೆ. ಒಂದಕ್ಕೆ ಇಲ್ಲ. ಅದು ನಾನು ಜೂನ್‌ನಲ್ಲಿ ತೋರಿಸಲು ಕಟ್ಟಿದ್ದ ಮಾದರಿ ಇರಬೇಕು, ಹೇಗೋ ರಾಶಿಗೆ ಸೇರಿದೆ. ಯತೀಶನದ್ದೂ ಬಂದಿದೆ.

ನಾಳೆ ಜೋಡಿಸಲು ಶುರು.

ಆಗಸ್ಟ್ 20, ಭಾನುವಾರ

ಒಂದಕ್ಕೊಂದು ಕೂಡುತ್ತಿಲ್ಲ!

ಎಲ್ಲರಿಗೂ ಮೂವತ್ತು ಸಾಲು ಹೇಳಿದ್ದೆ. ಎಲ್ಲರೂ ಮೂವತ್ತೇ ಕಟ್ಟಿದ್ದಾರೆ. ಪಕ್ಕ ಪಕ್ಕ ಇಟ್ಟರೆ ನವ್ಯಶ್ರೀಯ ತುಂಡು ರತನ್‌ನದ್ದಕ್ಕಿಂತ ಒಂದು ಗೇಣು ಗಿಡ್ಡ. ಹನ್ನೊಂದು ತುಂಡು ಹೀಗೆ. ಒಬ್ಬಳದ್ದರಲ್ಲಿ ಮರಿ ಮೀನೂ ಸಿಕ್ಕೀತು, ಇನ್ನೊಬ್ಬನದ್ದರಲ್ಲಿ ದೊಡ್ಡದೂ ದಾಟಿ ಹೋದೀತು. ಕಾಲಲ್ಲಿ ಒದ್ದೆ. ನೂಲು ಕಾಲಿಗೆ ಸಿಕ್ಕಿ ಬಿದ್ದೆ. ಮೊಣಕಾಲು ತರಚಿತು.

ಕುಳಿತ ಮೇಲೆ ಗೊತ್ತಾಯಿತು. ಎರಡು ಬೆರಳು ಎಂದವನು ನಾನು. ಅವರವರು ಅವರವರ ಬೆರಳಲ್ಲಿ ಅಳೆದಿದ್ದಾರೆ. ಹುಡುಗಿಯ ಬೆರಳು ಎರಡು ಸೇರಿದರೆ ನನ್ನ ಒಂದೂವರೆ. ಒಂದು ಬಲೆಗೆ ಒಂದೇ ಕೈ ಆದರೆ ಇದೆಲ್ಲ ಬರುವುದೇ ಇಲ್ಲ. ಅರವತ್ತು ವರ್ಷ ಬಲೆ ಕಟ್ಟಿದವನಿಗೆ ಬೇರೆಯವರ ಬೆರಳು ಬೇರೆ ಎಂದು ಹೊಳೆಯಲಿಲ್ಲ. ಅವರು ನಾನು ಹೇಳಿದ್ದನ್ನೇ ಮಾಡಿದ್ದಾರೆ. ಒಬ್ಬರಾದರೂ ತಪ್ಪು ಮಾಡಿದ್ದರೆ ಬಯ್ಯಬಹುದಿತ್ತು.

ಚೀಟಿಯಿಲ್ಲದ ತುಂಡು ಮಾತ್ರ ನನ್ನ ಬೆರಳಿಗೆ ಸಮ. ನನ್ನದೇ ಅಲ್ಲವೇ, ಸಮ ಇರಲೇಬೇಕು.

ಆಗಸ್ಟ್ 21, ಸೋಮವಾರ

ಬೆಳಗ್ಗೆ ಬಿದಿರು ಸೀಳುತ್ತಿದ್ದೆ. ನನ್ನ ಎರಡು ಬೆರಳಿನ ಅಗಲಕ್ಕೆ ಪಟ್ಟಿ ಮಾಡಿ ಗಿಡ್ಡ ತುಂಡಿನವರಿಗೆಲ್ಲ ಒಂದೊಂದು ಕಳಿಸುವ ಯೋಚನೆ. ವಾರೆ ಸೀಳಿ ನಾಲ್ಕು ಹಾಳಾಯಿತು. ಬಯ್ಯುತ್ತಾ ಕುಳಿತಿದ್ದೆ. ವನಜ ಒಳಗಿಂದ ಬಂದು ಒಂದು ಪಟ್ಟಿ ಮುಂದೆ ಇಟ್ಟಳು. ತಿಕ್ಕಿ ನುಣ್ಣಗೆ ಮಾಡಿದ್ದು. ಬೆರಳಿಟ್ಟು ನೋಡಿದೆ. ಕೂದಲಷ್ಟೂ ಹೆಚ್ಚು ಕಮ್ಮಿ ಇಲ್ಲ.

"ಇದ್ ಎಲ್ಲಿತ್ತ್?"

"ಅಕ್ಕಿ ಡಬ್ಬದಲ್ಲಿ."

"ಯಾರ್ ಮಾಡಿದ್ದ್?"

"ನೀವ್ ಮಧ್ಯಾಹ್ನ ಗೊರ್ಕಿ ಹೊಡೂತಿಗೆ ನಿಮ್ ಬೆರಳಿಗ್ ಹಿಡ್ದ್ ಕೆತ್ತಿದ್ದ್." ಮತ್ತೆ ಹೇಳಿದಳು, "ನನ್ ಬೆರಳ್ ಸಣ್ಣದ್ದಲ್ದಾ. ನನ್ ಬೆರಳಲ್ಲಿ ಅಳ್ದ್ರೆ ನೀವ್ ಕೊಯ್ದ್ ಹಾಕ್ತ್ರಿ ಅಂದ್ ಗೊತ್ತಿತ್ತ್."

ಒಳಗೆ ಹೋಗಿ ಹುಡುಕಿದೆ. ನಾನು ಜೂನ್‌ನಲ್ಲಿ ಕಟ್ಟಿದ ಮಾದರಿ ಗೋಡೆಯ ಮೊಳೆಯಲ್ಲೇ ತೂಗುತ್ತಿದೆ.

 ಊಟ ಮಾಡದೆ ಎದ್ದು ಹೋದೆ. ಸುಗುಣಳ ಮನೆಯ ಧಾರಾವಾಹಿ ಇದು, ನನ್ನದೇ ವಿಡಿಯೊ. ನನ್ನ ಮನೆಯಲ್ಲೇ, ನನ್ನ ನೂಲು.

ಆಗಸ್ಟ್ 23, ಬುಧವಾರ

ಬರೆಯುವುದಕ್ಕೆ ಏನೂ ಇಲ್ಲ.

ಆಗಸ್ಟ್ 26, ಶನಿವಾರ

ನಿನ್ನೆ ಚೌತಿ. ಇವತ್ತು ಎಲ್ಲರೂ ಫೋನಿನಲ್ಲಿ ಬಂದರು. ಈಗೀಗ ಮುಖ ತೋರಿಸುತ್ತಾರೆ. ಕೆಲವರ ಬಾಯಲ್ಲಿ ಇನ್ನೂ ಚಕ್ಕುಲಿ.

ಬಯ್ಯುತ್ತೇನೆ ಎಂದು ಎಲ್ಲರೂ ಕಾದು ಕುಳಿತಿದ್ದರು. "ತುಂಡ್ ಕೂಡುದಿಲ್ಲೆ" ಎಂದೆ. "ತಪ್ಪ್ ನಿಮ್ದಲ್ಲ, ನಂದ್. ಎರಡ್ ಬೆರಳ್ ಅಂದೆ, ಯಾರ್ ಬೆರಳ್ ಅಂದ್ ಹೇಳ್ಲಿಲ್ಲೆ."

 ಫೋನು ಕೆಟ್ಟಿತೋ ಎಂದುಕೊಂಡೆ. ಆಮೇಲೆ ನವ್ಯಶ್ರೀ, "ಅಜ್ಜ, ಬಯ್ಯುದಿಲ್ಯಾ?" ಎಂದಳು. ಎಲ್ಲ ನಕ್ಕರು.

"ನಂಗ್ ನಾನೇ ಬೈದ್ ಆಯ್ತ್. ಕಾಲಿಗೂ ಪೆಟ್ಟಾಯ್ತ್" ಎಂದೆ.

ಬಿಚ್ಚಿ ಹೊಸತು ಕಟ್ಟಲು ದಿನವಿಲ್ಲ. ಬಿದಿರಿನ ಪಟ್ಟಿಯ ಯೋಚನೆ ಬಿಟ್ಟೆ. ಗಿಡ್ಡ ತುಂಡಿನವರು ಅದೇ ಬೆರಳಲ್ಲಿ ಇನ್ನೂ ಹತ್ತು ಸಾಲು ಸೇರಿಸಬೇಕು. ಜೋಡಿಸುವಾಗ ಸಣ್ಣ ಕಣ್ಣು ನಾಲ್ಕಕ್ಕೆ ದೊಡ್ಡ ಕಣ್ಣು ಮೂರು ಸೇರಿಸುವುದು. ಎಲ್ಲರಿಗೂ ಅದೇ ಲೆಕ್ಕ ಅಲ್ಲ. ತಮ್ಮ ತುಂಡಿಗೆ ಪಕ್ಕದ ತುಂಡು ಎಷ್ಟಕ್ಕೆ ಎಷ್ಟು ಎಂದು ಅವರವರೇ ಎಣಿಸಿ ನನಗೆ ಹೇಳಬೇಕು, ನಾನು ಕಟ್ಟುತ್ತೇನೆ. ಇಂಥದ್ದು ನಾನೂ ಯಾವತ್ತೂ ಮಾಡಿಲ್ಲ ಎಂದೂ ಹೇಳಿದೆ. ಹನ್ನೊಂದು ತುಂಡು ಮತ್ತೆ ಬಸ್ಸಿಗೆ ಹಾಕಿ ಬಂದೆ.

ಮೇಡಂ ಇಲ್ಲಿಗೇ ಬಂದಿದ್ದರು, ಈಗೀಗ ನನಗೆ ಅವರು ಕ್ಷಮಮ್ಮ. ಹೋಗುವಾಗ ಚೀಟಿಯಿಲ್ಲದ ತುಂಡು ಎತ್ತಿ ಹಿಡಿದು, "ಇದ್ ಯಾರ್ದ್ ಮುತ್ತಣ್ಣ?" ಎಂದರು.

"ಮಾದರಿ. ನಂದೇ" ಎಂದೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಕ್ಷಮಮ್ಮ ತುಂಡನ್ನು ಮಡಚಿ ಇಟ್ಟು ಹೋದರು.

ಸೆಪ್ಟೆಂಬರ್ 3, ಭಾನುವಾರ

ಹನ್ನೊಂದೂ ವಾಪಸು ಬಂದವು. ರತನ್ ಮತ್ತು ನವ್ಯಶ್ರೀ ಎಣಿಕೆಗೆ ಫೋನಿನಲ್ಲೇ ಜಗಳ. "ನಿನ್ ಕಣ್ಣ್ ಬಾಗಿಲಿನಷ್ಟ್ ದೊಡ್ಡ್ ಇತ್ತ್" ಎಂದು ಅವಳು. "ನಿಂದ್ ಸೊಳ್ಳೆ ಪರದೆ" ಎಂದು ಅವನು. ಐದಕ್ಕೆ ನಾಲ್ಕು ಎಂದು ತೀರ್ಮಾನವಾಯಿತು. ಕಟ್ಟಿ ನೋಡಿದೆ, ಸರಿ ಅವರದ್ದೇ. ನಾನು ಬೇರೆ ಹೇಳಿದ್ದೆ.

ಚೀಟಿಯಿಲ್ಲದ ತುಂಡು ನಡುವಿಗೆ ಹಾಕಿದೆ. ಎರಡೂ ಬದಿಯ ಎಳೆತ ತಡೆಯುವುದು ನಡುವಿನದ್ದೇ, ಅಲ್ಲಿ ಗಂಟು ಬಿಗಿ ಬೇಕು. ಆ ಗಂಟು ಎಳೆದು ನೋಡಿದೆ, ಸೂಜಿ ತುದಿ ಹಾಕಿ ಸಡಿಲಿಸಲು ನೋಡಿದೆ. ಆಗಲಿಲ್ಲ. ನೂಲು ಒಂದು ಉಗುರಿನಷ್ಟೂ ದಂಡ ಮಾಡಿಲ್ಲ.

ಸಂಜೆ ಕ್ಷಮಮ್ಮ ಬಂದರು. "ಇಪ್ಪತ್ತಕ್ಕೆ ಒಂದ್ ಕಮ್ಮಿ ಆತ್ತಲೆ ಮುತ್ತಣ್ಣ" ಎಂದರು.  ವನಜ ಚಾ ತಂದಿಟ್ಟಳು. ಮೂವರೂ ಕುಡಿದೆವು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಸೆಪ್ಟೆಂಬರ್ 10, ಭಾನುವಾರ

ಬೆಳಗ್ಗೆ ಬಾರ್ಕೂರು. ಬೆಂಡು, ಸೀಸ ಎಲ್ಲ ಕಟ್ಟಿ ಬಲೆ ದಡದಲ್ಲಿ ಹರಡಿದ್ದೆ. ಒಂದೊಂದು ತುಂಡೂ ಒಂದೊಂದು ಥರ. ಹೊಳೆ ಬದಿಯ ನಾಲ್ಕು ಜನ ನೋಡಿ ನಕ್ಕರು. ಅಪ್ಪ ಇದ್ದಿದ್ದರೆ ಬೆಂಕಿ ಹಾಕುತ್ತಿದ್ದ. ಕ್ಷಮಮ್ಮನ ಕೈಯಲ್ಲಿ ಫೋನು, ಫೋನಿನ ತುಂಬ ಮುಖ. ರತನ್ ಲಾಡ್ಜಿನ ಮಾಳಿಗೆ ಮೇಲೆ ನಿಂತಿದ್ದ. ವನಜ ಸುಗುಣಳ ಜೊತೆ ಬಂದು ತೆಂಗಿನ ಮರದ ಹತ್ತಿರ ನಿಂತಿದ್ದಳು. ನಾನು ಕರೆದಿರಲಿಲ್ಲ.

ಪ್ರಿನ್ಸಿಪಾಲ್ ಗುರುಪ್ರಸಾದರು ಶೂ ಒದ್ದೆಯಾಗದ ಜಾಗ ನೋಡಿ ನಿಂತು ಪಟ್ಟಿ ತೆಗೆದರು. ಒಂದೊಂದೇ ಹೆಸರು ಓದುವುದು, ಕ್ಷಮಮ್ಮ ಚೀಟಿ ನೋಡಿ ಇದೆ ಎನ್ನುವುದು. ಬಿಟ್ಟು ಹೋದವರ ಹೆಸರಿಗೆ ಗೀಟು. ಕಡೆಗೆ ಅವರು ಓದಿದರು, "ವನಜ, ಕೋಡಿ ಕನ್ಯಾಣ."

ನನ್ನ ಕೈಯಲ್ಲಿದ್ದ ಹಗ್ಗ ಹಾಗೇ ನಿಂತಿತು. ಆ ಪಟ್ಟಿ ಜೂನ್ ಹನ್ನೆರಡರಿಂದ ಈ ಡೈರಿಯ ಹಿಂದೆಯೇ ಇತ್ತು.

ಕ್ಷಮಮ್ಮ ನಡುವಿನ ತುಂಡನ್ನೇ ನೋಡುತ್ತಿದ್ದರು. ನನ್ನತ್ತ ನೋಡಲಿಲ್ಲ.

"ಇವ್ರದ್ದೂ ಚೀಟಿ ಇಲ್ಲೆ ಅಲ್ದಾ?" ಎಂದರು ಗುರುಪ್ರಸಾದರು. "ಹಂಗಾರೆ ಹತ್ತೊಂಬತ್ತ್. ಬಿಟ್ಟ್ ಹೋದ್ದ್ ಅಂದ್ ಬರೀಲಾ?"

ತೆಂಗಿನ ಮರದ ಹತ್ತಿರ ವನಜ ತಲೆ ತಗ್ಗಿಸಿದ್ದಳು. ನಾನು ಬಲೆಗೆ ಚೂರಿ ಹಾಕಿದ ದಿನ ದಡದಲ್ಲಿ ಹೀಗೇ ನಿಂತಿದ್ದಳು.

"ಹ್ವಾಯ್, ಗೀಟ್ ಹಾಕ್ಬೇಡಿ" ಎಂದೆ. "ಬಿಟ್ಟ್ ಹೋಯ್ಲಿಲ್ಲೆ. ನಡುವಿನ್ ತುಂಡ್ ಅವ್ಳ್ದ್. ನನ್ ಹೆಂಡ್ತೀದ್. ಮಾದರಿ ಅಂದ್ ನಾನೇ ಸುಳ್ಳ್ ಹೇಳಿದ್ದ್."

"ಚೀಟಿ ಇಲ್ಯಲೆ?"

"ಪೆನ್ ಕೊಡಿ. ನಾನ್ ಬರೀತೆ."

ಬರೆದೆ. ವನಜ, ಕೋಡಿ. ಕನ್ನಡದಲ್ಲೇ. ಜ ಸ್ವಲ್ಪ ಸೊಟ್ಟ ಆಯಿತು. ನಡುವಿನ ತುಂಡಿಗೆ ಕಟ್ಟಿದೆ. ಫೋನಿನೊಳಗಿಂದ ನವ್ಯಶ್ರೀ "ಅಜ್ಜೀ" ಎಂದು ಕಿರುಚಿದಳು. ಗುರುಪ್ರಸಾದರು ಗಂಟು ಎಳೆದು ನೋಡಿದರು, ಪಟ್ಟಿಯಲ್ಲಿ ಗುರುತು ಹಾಕಿದರು, "ಇಪ್ಪತ್ತ್" ಎಂದರು. ಕ್ಷಮಮ್ಮ ಫೋನು ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಹುಡುಗರಿಗೆಲ್ಲ ಸೆರಗು ಮಾತ್ರ ಕಂಡಿತಂತೆ.

ಬಲೆ ಇಳಿಸಿದೆವು. ಎರಡು ತಾಸು ಬಿಟ್ಟು ಎಳೆದೆವು. ಒಂದು ಕೆಂಬೇರಿ ಮೀನು, ಕೈಯುದ್ದದ್ದು, ರತನ್‌ನ ತುಂಡಿನಲ್ಲಿ. ಸಣ್ಣ ಮೀನು ಹತ್ತು ಹನ್ನೆರಡು, ನವ್ಯಶ್ರೀಯ ಕಡೆ. ನಡುವಿನಲ್ಲಿ ಮೀನಿಲ್ಲ. ದೊಡ್ಡದೊಂದು ಏಡಿ ಸಿಕ್ಕಿಕೊಂಡು ಮೂರು ಕಣ್ಣು ಹರಿದಿತ್ತು. ಗಂಟು ಒಂದೂ ಜಾರಿರಲಿಲ್ಲ.

ಮನೆಗೆ ಬಂದು ಊಟವಾದ ಮೇಲೆ ಬಲೆ ಜಗಲಿಗೆ ಎಳೆದೆ. ಸೂಜಿಗೆ ನೂಲು ತುಂಬಿದೆ. ಹರಿದ ಜಾಗ ಬಿಡಿಸಿ ಇಟ್ಟೆ. "ವನಜ" ಎಂದು ಕರೆದೆ. ಬಂದಳು. ಸೂಜಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ನೀ ಕಟ್ಟಿದ್ದಲ್ದಾ? ನೀನೇ ಕಟ್ಟ್ಕ್" ಎಂದೆ.

ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ, ಎದುರು ಕುಳಿತರೆ ಕಾಣುವುದಿಲ್ಲ. ಮೂರು ಕಣ್ಣಿಗೆ ಅರ್ಧ ತಾಸು ತೆಗೆದುಕೊಂಡಳು. ನೋಡುವವರಿಗೆ ಸಾಕಾಗುತ್ತದೆ. ಎಡಗೈ ಹೆಬ್ಬೆರಳು ಇನ್ನೂ ಸ್ವಲ್ಪ ಕೆಳಗೆ ಒತ್ತಬೇಕು, ಆಗ ಬೇಗ ಆಗುತ್ತದೆ. ಹೇಳಬೇಕು.

ನಾಳೆ ಹೇಳಿದರಾಯಿತು.